ಬಸುರಿ ಮನೆಯ ಬಳ್ಳಿ

ನಮ್ಮ ಮನೆಯಲ್ಲಿ ಆ ವರ್ಷ ಎರಡನ್ನು ಕತ್ತರಿಸುವಂತಿರಲಿಲ್ಲ. ಒಂದು, ಮುಂಬಾಗಿಲ ಚಪ್ಪರದ ಮೇಲಿನ ವಿಸ್ಟೇರಿಯಾ ಬಳ್ಳಿ. ಇನ್ನೊಂದು, ನನ್ನ ಗಂಡ ಪ್ರಶಾಂತನ ಗಡ್ಡ. ನಾನು ಬಸುರಿ. ಬಸುರಿಯ ಗಂಡ ಗಿಡ ಕಡಿಯಬಾರದು, ಕೂದಲು ತೆಗೆಸಬಾರದು ಎಂದು ಅತ್ತೆ ಸುಶೀಲವ್ವ ಜನವರಿಯಲ್ಲೇ ಅಪ್ಪಣೆ ಹೊರಡಿಸಿದ್ದರು. ಪ್ರಶಾಂತ ದಿನಾ ಸವಣೂರಿನಿಂದ ಶಿಗ್ಗಾಂವಕ್ಕೆ ಬಸ್ಸಿನಲ್ಲಿ ಹೋಗಿ ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವವನು. ಜೂನ್ ಹೊತ್ತಿಗೆ ಅಲ್ಲಿನ ಹುಡುಗರು ಅವನನ್ನು ಸ್ವಾಮಿಗಳೇ ಎಂದು ಕರೆಯತೊಡಗಿದ್ದರು. ಅವನು ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಗಡ್ಡ ಎಷ್ಟು ಬೆಳೆದರೂ ಕರೆಂಟಿನ ತಂತಿಯ ಕಡೆ ಹೋಗುವುದಿಲ್ಲ. ಬಳ್ಳಿ ಹೋಗುತ್ತಿತ್ತು.

ಬಳ್ಳಿ ತಂದವಳು ನಾನೇ. ಅದನ್ನು ಬೇರೆಯವರ ತಲೆಗೆ ಕಟ್ಟುವಂತಿಲ್ಲ. ಮದುವೆಯಾದ ವರ್ಷ ಹೈವೇ ಬದಿಯ ಒಂದು ನರ್ಸರಿಯಲ್ಲಿ ಫೋಟೋ ನೋಡಿದ್ದೆ. ಬಾಗಿಲ ಮೇಲಿನಿಂದ ನೇರಳೆ ಬಣ್ಣದ ಹೂಗೊಂಚಲುಗಳು ದ್ರಾಕ್ಷಿಯ ಹಾಗೆ ಜೋತುಬಿದ್ದಿದ್ದವು. ನನಗೆ ಹುಚ್ಚು ಹಿಡಿಯಿತು. ನರ್ಸರಿಯವನು ಪಾಪ, ಮುಚ್ಚಿಡಲಿಲ್ಲ.

"ತಂಪು ದೇಶದ ಬಳ್ಳಿರಿ ಇದು. ಹೂ ಬಿಟ್ರ ಬಿಟ್ಟೀತು, ಇಲ್ಲಂದ್ರ ಇಲ್ಲ. ಬೆಳಿಯೂದನ್ನ ಮಾತ್ರ ಬಿಡೂದಿಲ್ಲ. ವರ್ಷಕ್ಕ ಎರಡು ಸಲ ಕಡದು ಹದ್ದುಬಸ್ತಿನ್ಯಾಗ ಇಡಬೇಕು," ಎಂದ.

ನಾನು ಹಾಗೇ ಇಟ್ಟಿದ್ದೆ. ಎರಡು ವರ್ಷ ಮೊಬೈಲಿನಲ್ಲಿ ನೋಡಿ ಕಲಿತೆ. ಮಳೆಗಾಲದಲ್ಲಿ ಹೊಸ ಕುಡಿಗಳನ್ನು ಐದಾರು ಎಲೆ ಉಳಿಸಿ ಕತ್ತರಿಸಬೇಕು. ಚಳಿಗಾಲದಲ್ಲಿ ಅದೇ ಕುಡಿಗಳನ್ನು ಎರಡು ಮೂರು ಚಿಗುರುಗಣ್ಣಿನವರೆಗೆ ಗಿಡ್ಡ ಮಾಡಬೇಕು. ನಾಲ್ಕು ಕಬ್ಬಿಣದ ಪೈಪು ನಿಲ್ಲಿಸಿ ಮಾಡಿದ ಚಪ್ಪರದ ಅಳತೆಯನ್ನು ಅದು ಒಂದು ಗೇಣು ಮೀರಿದರೂ ನನ್ನ ಕತ್ತರಿ ಸಿದ್ಧವಿರುತ್ತಿತ್ತು. ಹೂ ಒಂದೂ ಬಿಟ್ಟಿರಲಿಲ್ಲ. ಆದರೂ ಓಣಿಯವರು ನಿಂತು ನೋಡಿ ಹೋಗುತ್ತಿದ್ದರು, ನಾನು ಒಳಗೊಳಗೇ ಬೀಗುತ್ತಿದ್ದೆ.

ಹೋದ ವರ್ಷ ಜುಲೈನಲ್ಲಿ ಒಂದು ಭಾನುವಾರ ಪೂರ್ತಿ ನಿಂತು ಕತ್ತರಿಸಿದೆ. ಆಗ ನನಗೆ ದಿನ ತಪ್ಪಿ ಒಂದು ವಾರವಾಗಿತ್ತು, ನಾನೇ ಲಕ್ಷ್ಯ ಕೊಟ್ಟಿರಲಿಲ್ಲ. ಆಗಸ್ಟಿನಲ್ಲಿ ಬಸುರು ಹೋಯಿತು. ದವಾಖಾನೆಯಲ್ಲಿ ಡಾಕ್ಟರ್ ಬಾಯಿ ನನ್ನ ಕೈ ಹಿಡಿದುಕೊಂಡು, ಇದು ಎಷ್ಟೋ ಹೆಣ್ಣುಮಕ್ಕಳಿಗೆ ಆಗುತ್ತದೆ, ಯಾರ ತಪ್ಪೂ ಅಲ್ಲ ಎಂದರು. ಮನೆಗೆ ಬಂದ ದಿನ ಅತ್ತೆ ಏನೂ ಮಾತಾಡಲಿಲ್ಲ. ಮೊಳೆಗೆ ನೇತುಹಾಕಿದ್ದ ಕತ್ತರಿಯನ್ನು ತೆಗೆದು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು.

ನಾನು ಬಿ.ಎಸ್ಸಿ. ಓದಿದವಳು. ಇಂಥದ್ದನ್ನು ನಂಬುವುದಿಲ್ಲ ಎಂದು ಹೇಳುವುದು ಬಹಳ ಸುಲಭ, ಹೊಟ್ಟೆ ಖಾಲಿ ಇದ್ದಾಗ. ಮತ್ತೆ ಬಸುರಿಯಾದ ಮೇಲೆ ಆ ಬಳ್ಳಿಯ ಒಂದು ಒಣಗಿದ ಎಲೆ ಕೀಳಲೂ ನನಗೆ ಧೈರ್ಯವಾಗಲಿಲ್ಲ. ಈ ಕೂಸು ಉಳಿಯಬೇಕು. ನನಗೆ ಬೇಕಾಗಿದ್ದು ಅದೊಂದೇ. ಅದಕ್ಕಾಗಿ ಯಾರು ಏನು ಹೇಳಿದರೂ ಕೇಳುವ ಹೆದರುಪುಕ್ಕಿಯಾಗಿಬಿಟ್ಟಿದ್ದೆ.

ಚಳಿಗಾಲದ ಕತ್ತರಿ ತಪ್ಪಿತು. ಯುಗಾದಿಗೆ ಬಳ್ಳಿ ಚಿಗುರಿ ನಿಂತಿತು. ವಾರಕ್ಕೆ ಒಂದು ಮೊಳ ಬೆಳೆಯುವ ಕುಡಿಗಳು ಚಪ್ಪರ ದಾಟಿ ಗಾಳಿಯಲ್ಲಿ ಕೈ ಚಾಚಿ ಏನಾದರೂ ಸಿಗುತ್ತದೆಯೋ ಎಂದು ತಡಕಾಡುತ್ತಿದ್ದವು. ಎದ್ದ ಕೂಡಲೇ ಹೊರಗೆ ಬಂದು ನೋಡುವುದು ನನ್ನ ಚಟವಾಯಿತು. ಕಂಬದಿಂದ ನಮ್ಮ ಗೋಡೆಗೆ ಬರುವ ಕರೆಂಟಿನ ತಂತಿಗೂ ಕುಡಿಯ ತುದಿಗೂ ಆಗ ಒಂದಾಳುದ್ದ ಅಂತರವಿತ್ತು.

"ಯಾರರ ಕೂಲಿಯವ್ರನ್ನ ಕರಸೂಣೇನ್ರಿ ಅತ್ತೀ?" ಎಂದು ಒಮ್ಮೆ ಕೇಳಿದೆ.

"ಕೈ ಕೂಲಿಯವಂದು, ಖರೆ. ಕಡಿ ಅಂತ ಹೇಳಿದ ಬಾಯಿ ಯಾರದು?" ಎಂದರು ಅತ್ತೆ.

ದಾರಿ ತೋರಿಸಿದವರು ಮಾವ ಕರಬಸಪ್ಪ. ಅವರು ಮಾತು ಕಡಿಮೆ, ಕೆಲಸ ಹೆಚ್ಚು. ಮೊಣಕಾಲು ಕೈಕೊಡುವ ತನಕ ಐವತ್ತು ವರ್ಷ ವೀಳ್ಯದೆಲೆಯ ತೋಟ ಮಾಡಿದವರು. ಸವಣೂರು ಎಲೆ ಎಂದರೆ ಹುಬ್ಬಳ್ಳಿಯ ಪಾನಂಗಡಿಯವರೂ ಕಣ್ಣರಳಿಸುವ ಕಾಲದಲ್ಲಿ ಅವರ ತೋಟಕ್ಕೆ ಹೆಸರಿತ್ತಂತೆ. ಒಂದು ಸಂಜೆ ಚಪ್ಪರದ ಕೆಳಗೆ ನಿಂತು ಮೇಲೆ ನೋಡಿ, "ಇದಕ್ಯಾಕ ಇಷ್ಟ ಹೆದರ್ತೀರಿ?" ಎಂದರು. "ಎಲಿಬಳ್ಳಿ ಎತ್ತರ ಆತಂದ್ರ ನಾವು ಕಡೀತೇವೇನು? ಇಳಸ್ತೇವಿ. ಸುರುಳಿ ಸುತ್ತಿ ಬುಡದಾಗ ಮಣ್ಣು ಮುಚ್ಚಿದ್ರ ತುದಿ ಅಷ್ಟ ಮ್ಯಾಲ ಉಳೀತೈತಿ. ಬಳ್ಳಿಗೂ ಛಲೋ, ನಮಗೂ ಛಲೋ."

ಮರುದಿನ ಬೆಳಿಗ್ಗೆಯೇ ಕೆಲಸ ಶುರು ಮಾಡಿದರು. ಕುಡಿಗಳನ್ನು ಒಂದೊಂದಾಗಿ ಪೈಪಿನಿಂದ ಬಿಡಿಸಿ, ಒಂದೂ ಮುರಿಯದ ಹಾಗೆ ಕೆಳಗಿಳಿಸಿದರು. ಕಾಂಪೌಂಡಿನ ಉದ್ದಕ್ಕೂ ಒಂದು ಗೇಣು ಆಳದ ಕಾಲುವೆ ತೋಡಿ, ಸುರುಳಿ ಸುತ್ತಿ ಮಲಗಿಸಿ, ಗೊಬ್ಬರ ಮಣ್ಣು ಮುಚ್ಚಿದರು. ಮೊಣಕಾಲ ಮೇಲೆ ಕೈಯೂರಿ ಏಳುತ್ತ ಕೂರುತ್ತ ಮಧ್ಯಾಹ್ನದ ತನಕ ದುಡಿದರು. ನೋಡುತ್ತಿದ್ದರೆ ಕೂಸನ್ನು ಮಲಗಿಸಿದ ಹಾಗಿತ್ತು. ಚಪ್ಪರ ಬೋಳಾಯಿತು, ತಂತಿ ದೂರವಾಯಿತು, ಕತ್ತರಿಯಾಗಲಿ ಕುಡಗೋಲಾಗಲಿ ಬಳ್ಳಿಯನ್ನು ಮುಟ್ಟಿರಲಿಲ್ಲ. ಅಂದು ನಾನು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ. ಅತ್ತೆಯೂ ಮಾವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

ಮಳೆ ಬಿದ್ದ ಮೇಲೆ ಗೊತ್ತಾಯಿತು ನಮ್ಮ ಜಾಣತನ. ಜೂನ್ ಕೊನೆಯ ವಾರ ಗೋಡೆಯುದ್ದಕ್ಕೂ ಮಣ್ಣು ಸೀಳಿಕೊಂಡು ಕುಡಿಗಳು ಎದ್ದವು. ಮೊದಲು ಎರಡು ಕಡೆ, ಆಮೇಲೆ ನಾಲ್ಕು ಕಡೆ, ಕಡೆಗೆ ಒಂಬತ್ತು ಕಡೆ. ಮಾವ ಕೆದಕಿ ನೋಡಿದರು. ಹೂತಿಟ್ಟ ಗಿಣ್ಣುಗಳೆಲ್ಲ ಬೇರುಬಿಟ್ಟು ಬೇರೆ ಬೇರೆ ಬಳ್ಳಿಗಳಾಗಿದ್ದವು. ಎಲೆಬಳ್ಳಿಯ ಸೊಕ್ಕನ್ನು ಇಳಿಸುವ ಮದ್ದು ಇದಕ್ಕೆ ಊಟವಾಗಿತ್ತು. ನಾನು ಮೊಬೈಲು ತೆಗೆದು ನೋಡಿದರೆ, ವಿಸ್ಟೇರಿಯಾದ ಹೊಸ ಸಸಿ ಬೇಕಿದ್ದರೆ ಕುಡಿಯನ್ನು ಬಗ್ಗಿಸಿ ಮಣ್ಣಿನಲ್ಲಿ ಹೂಳಿ ಎಂದು ಸ್ಪಷ್ಟವಾಗಿ ಬರೆದಿತ್ತು. ಮೊದಲೇ ಓದದ ನನ್ನ ಮೇಲೆ ನನಗೇ ಸಿಟ್ಟು ಬಂತು. ಮಾವ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಅವುಗಳನ್ನೇ ನೋಡಿ, "ಇದರ ಜಾತಿ ಬ್ಯಾರೆ," ಎಂದರು. ಅಷ್ಟೇ.

ಸೀಮಂತದ ಕುಬುಸ ಮುಗಿದು ನನಗೆ ಏಳು ತಿಂಗಳು ತುಂಬಿತ್ತು. ಎಲ್ಲರಂತೆ ನಾನೂ ಆಗ ತವರಿಗೆ ಹೋಗಬೇಕಿತ್ತು. ಆದರೆ ಹಾನಗಲ್ಲಿನ ತವರಿನಲ್ಲಿ ಅವ್ವ ಇಲ್ಲ, ಅಪ್ಪನಿಗೆ ಚಹಾ ಕಾಸಲೂ ಬರದು. ಹಾಗಾಗಿ ಇಲ್ಲೇ ಉಳಿದೆ, ಬಳ್ಳಿಯ ಜೊತೆ.

ಈಗ ಒಂದಲ್ಲ, ಹತ್ತು. ಒಂದನ್ನೊಂದು ಸುತ್ತಿಕೊಂಡು ಹೆಣೆದ ಹಗ್ಗದಂತೆ ಮೇಲೇರಿದವು. ಜುಲೈ ಮೊದಲ ವಾರದಲ್ಲಿ ತಂತಿ ಮುಟ್ಟಿದವು. ಪ್ರಶಾಂತ ಭಾನುವಾರ ಸ್ಟೂಲಿನ ಮೇಲೆ ನಿಂತು ಒಣ ಬಿದಿರಿನ ಕೋಲಿನಿಂದ ಅವುಗಳನ್ನು ತಂತಿಯಿಂದ ಬಿಡಿಸುತ್ತಿದ್ದ. ಬಿಡಿಸುವುದು ಕಡಿದಂತಾಗುತ್ತದೆಯೇ ಎಂದು ಮೊದಲು ತನ್ನವ್ವನನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದ. ಬುಧವಾರದ ಹೊತ್ತಿಗೆ ಅವು ಮತ್ತೆ ಅಲ್ಲೇ ಇರುತ್ತಿದ್ದವು. ಜೋರು ಗಾಳಿ ಬಿಟ್ಟಾಗ ಇಡೀ ಚಪ್ಪರ ತಂತಿಯನ್ನು ಹಿಡಿದು ಜಗ್ಗುತ್ತಿತ್ತು, ಒಳಗೆ ದೀಪ ಮಿನುಗುತ್ತಿತ್ತು. ಪ್ರತಿಸಲ ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತಿತ್ತು.

"ಇನ್ನೊಂದ ಒಂದೂವರಿ ತಿಂಗಳು. ತಡ್ಕೊಳ್ಳೂಣು," ಎನ್ನುತ್ತಿದ್ದರು ಅತ್ತೆ. ನನಗೆ ಹೇಳುತ್ತಿದ್ದರೋ, ಬಳ್ಳಿಗೋ, ತಮಗೇ ಹೇಳಿಕೊಳ್ಳುತ್ತಿದ್ದರೋ ತಿಳಿಯದು.

ಬಳ್ಳಿ ತಡೆದುಕೊಳ್ಳಲಿಲ್ಲ. ಜುಲೈ ಮೂರನೇ ವಾರ ಒಂದು ಬೆಳಿಗ್ಗೆ ಮಳೆ ನಿಂತ ಗಳಿಗೆ ನೋಡಿ ಅತ್ತೆ ಬಟ್ಟೆ ಒಣಹಾಕಲು ಹೋದರು. ಬಟ್ಟೆಯ ತಂತಿಯ ಒಂದು ತುದಿಯನ್ನು ಚಪ್ಪರದ ಪೈಪಿಗೇ ಕಟ್ಟಿತ್ತು. ಹಸಿ ಸೀರೆ ಎಸೆದವರು "ಯಪ್ಪಾ" ಎಂದು ಹಿಂದಕ್ಕೆ ಬಿದ್ದರು. ನಾನು ಓಡಿದೆ.

"ಮುಟ್ಟಬ್ಯಾಡ. ಅಲ್ಲೇ ನಿಂದರು," ಎಂದು ಬಿದ್ದಲ್ಲಿಂದಲೇ ಕೂಗಿದರು. ಮೊಣಕೈವರೆಗೂ ಜುಮ್ಮೆಂದಿತ್ತಂತೆ. ದೊಡ್ಡದೇನೂ ಆಗಿರಲಿಲ್ಲ. ಆದರೆ ಎಂಟು ದಿನಗಳಿಂದ ಬಟ್ಟೆ ಒಣಹಾಕುತ್ತಿದ್ದವಳು ನಾನು. ಅಂದು ಸೊಂಟ ನೋವೆಂದು ಕುಳಿತಿದ್ದಕ್ಕೆ ಅತ್ತೆ ಹೋಗಿದ್ದರು. ಅದು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವರ ಮುಖದ ಬಣ್ಣ ಇಳಿದಿದ್ದನ್ನು ಕಣ್ಣಾರೆ ಕಂಡೆ.

ಪಕ್ಕದ ಓಣಿಯ ಲೈನ್‌ಮನ್ ಖಾದರಸಾಬ ಬಂದು ಮೊದಲು ಕಂಬದ ಮೇಲೆ ನಮ್ಮ ಲೈನ್ ಬಂದ್ ಮಾಡಿದ. ಆಮೇಲೆ ತಂತಿ ನೋಡಿದ. ಬಳ್ಳಿ ತಿಕ್ಕಿ ತಿಕ್ಕಿ ಮೇಲಿನ ರಬ್ಬರು ಸವೆದು ಒಳಗಿನ ತಂತಿ ಬಯಲಾಗಿತ್ತು. ಅದು ಪೈಪಿಗೆ ತಾಗಿ, ಚಪ್ಪರಕ್ಕೆಲ್ಲ ಕರೆಂಟು ಹರಿದಿತ್ತು.

"ಇದನ್ನ ಕಡೀಲಾರದ ನಾ ಲೈನ್ ಹಚ್ಚೂದಿಲ್ಲರಿ ಕಾಕಾರ," ಎಂದು ಮಾವನಿಗೆ ಹೇಳಿದ. "ತಂತಿ ಜಗ್ಗಿ ಜಗ್ಗಿ ಕಂಬದ ಮ್ಯಾಲಿನ ಗಂಟೂ ಸಡಲಾಗೈತಿ. ನಾಳೆ ಗಾಳಿ ಬಂದ್ರ ತಂತಿ ಹರಕೊಂಡು ಓಣ್ಯಾಗ ಬೀಳತೈತಿ."

"ನೀನ ಕಡದ ಬಿಡೋ ಖಾದರ," ಎಂದರು ಮಾವ.

ಖಾದರಸಾಬ ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ ನೆಲ ನೋಡಿದ. "ಬ್ಯಾಡ್ರಿ. ನಮ್ಮ ಮನ್ಯಾಗೂ ಹೆಣ್ಣಮಕ್ಕಳು ಇದನ್ನ ಹೇಳ್ತಾರ. ದೇವ್ರು ಹಂಗ ಮಾಡಬಾರದು, ನಾಳೆ ಏನರ ಆತಂದ್ರ ಖಾದರಸಾಬ ಕಡದಾ ಅಂತ ನನ್ನ ಎದಿಯಾಗ ಉಳೀತೈತಿ. ನೀವು ಮನಿಯವ್ರು ಏನರ ಮಾಡ್ರಿ. ನಾ ಇಲ್ಲೇ ಕುಂತಿರ್ತೇನಿ," ಎಂದು ಕಟ್ಟೆಯ ಮೇಲೆ ಕುಳಿತ.

ನಾನು ಅಡುಗೆಮನೆಗೆ ಬಂದೆ. ಅತ್ತೆ ಒಲೆಯ ಮುಂದೆ ಸುಮ್ಮನೆ ಕುಳಿತಿದ್ದರು. ಹಿಟ್ಟು ನಾದಿಟ್ಟಿತ್ತು, ರೊಟ್ಟಿ ಬಡಿಯುತ್ತಿರಲಿಲ್ಲ.

"ಅತ್ತೀ, ಕಡಸೂಣ್ರಿ," ಎಂದೆ. "ಕಡೀಲಿಲ್ಲಂದ್ರ ಅದರಿಂದನ ಏನರ ಆಗತೈತಿ."

ಅವರು ಒಲೆಯ ಕಡೆ ನೋಡುತ್ತಲೇ ಹೇಳತೊಡಗಿದರು. "ಪ್ರಶಾಂತನಕಿಂತ ಮೊದಲ ಒಂದು ಬಸರಿತ್ತು. ನನಗ ಆಗ ಎಂಟು ತಿಂಗಳು. ಗಾಳಿಗೆ ತ್ವಾಟದಾಗ ನುಗ್ಗಿಗಿಡ ಬಳ್ಳಿ ಮ್ಯಾಲ ಬಾಗಿತ್ತು. ನಿಮ್ಮ ಮಾವ ನಡಾ ಮಧ್ಯಾಹ್ನ ಕೊಡ್ಲಿ ತಗೊಂಡು ಕಡದ್ರು. ಹತ್ತು ದಿನಕ್ಕ ಕೂಸು ಹುಟ್ಟಿತು, ಉಸರ ಇರಲಿಲ್ಲ. ಅವತ್ತಿಂದ ಅವ್ರು ಹಸರಿಗೆ ಕಬ್ಬಿಣ ಹಚ್ಚಿಲ್ಲ. ತ್ವಾಟದಾಗ ಕಡಿಯೂ ಕೆಲಸ ಬಂದ್ರ ಎದ್ದು ಹೊರಗ ಹೋಗ್ತಿದ್ರು."

"ನೀವು ಅವ್ರಿಗೆ ಏನರ ಅಂದಿದ್ರೇನು?"

"ನಿಮ್ಮಿಂದ ಆತು ಅಂತ ನಾ ಎಂದೂ ಅಂದಿಲ್ಲ," ಎಂದರು. ಹಿಟ್ಟಿನ ಮೇಲೆ ಬೆರಳೂರಿದರು. "ಅಲ್ಲ ಅಂತನೂ ಅಂದಿಲ್ಲ."

ನನಗೆ ಅವರ ಮೇಲೆ ಕೋಪ ಬಂತು, ಕನಿಕರವೂ ಬಂತು. ಯಾವುದು ಮೊದಲು ಬಂತೋ ಹೇಳಲಾರೆ. ಟ್ರಂಕಿನಲ್ಲಿದ್ದ ನನ್ನ ಕತ್ತರಿ ನೆನಪಾಯಿತು. ಆ ಬೀಗ ಹಾಕುವಾಗಲೂ ಅವರು ಏನೂ ಅಂದಿರಲಿಲ್ಲ.

ಬಾಗಿಲಲ್ಲಿ ಮಾವ ನಿಂತಿದ್ದರು. ಎಷ್ಟು ಕೇಳಿಸಿತೋ ಗೊತ್ತಿಲ್ಲ. "ಕುಡಗೋಲು ಎಲ್ಲೈತಿ?" ಎಂದರು.

ಅತ್ತೆ ಎದ್ದರು. "ನೀವ್ಯಾಕ? ನೀವು ಬ್ಯಾಡ."

"ಪ್ರಶಾಂತ ಕಡೀಬಾರದು, ಅವಾ ಅಪ್ಪ ಆಗಾಂವ. ಈ ಹುಡುಗಿ ಕಡೀಬಾರದು. ಪಾಪ ಬಂದ್ರ ನನಗ ಬರ್ಲಿ. ಹೊರೂದು ನನಗ ರೂಢಿ ಐತಿ."

ಜಂತಿಗೆ ಸಿಕ್ಕಿಸಿದ್ದ ಕುಡಗೋಲನ್ನು ಅತ್ತೆಯೇ ತೆಗೆದುಕೊಟ್ಟರು. ಮಾವ ಹೆಬ್ಬೆರಳಿನಿಂದ ಅದರ ಅಲಗಿನ ಹರಿತ ನೋಡಿದರು.

ನನ್ನನ್ನು ಒಳಗಿರು ಎಂದರು. ನಾನು ಇರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತೆ. ಮಾವ ಗೋಡೆಯ ಬುಡದಲ್ಲಿ ಮೊದಲ ಬಳ್ಳಿಯನ್ನು ಎಡಗೈಯಲ್ಲಿ ಹಿಡಿದು, ಒಂದೇ ಏಟಿಗೆ ಕಡಿದರು. ಮೇಲೆ ಎಲೆಗಳೆಲ್ಲ ಒಮ್ಮೆ ಅಲುಗಿದವು. ಅವರು ನನ್ನ ಕಡೆ ತಿರುಗಿದರು.

"ಹೊಟ್ಯಾಗ ಹೊಳ್ಳಾಡತೈತೇನವಾ?"

"ಹೂನ್ರಿ," ಎಂದೆ. ನಿಜವೇ. ಕೂಸು ಆಗತಾನೇ ಬಲಗಡೆ ಒದ್ದಿತ್ತು.

ಎರಡನೆಯದು. ಮತ್ತೆ ತಿರುಗಿ ಅದೇ ಪ್ರಶ್ನೆ, ಮತ್ತೆ ನನ್ನ ಹೂನ್ರಿ. ಮೂರನೆಯದು ದಪ್ಪವಾಗಿತ್ತು, ನಾಲ್ಕು ಏಟು ಬೇಕಾದವು. ಪ್ರತಿ ಬಳ್ಳಿ ಬಿದ್ದ ಮೇಲೂ ಕೇಳಿದರು. ಉತ್ತರ ಬರುವ ತನಕ ಮುಂದಿನದನ್ನು ಮುಟ್ಟುತ್ತಿರಲಿಲ್ಲ. ಖಾದರಸಾಬ ಬೀಡಿ ಹಚ್ಚುವುದನ್ನೂ ಮರೆತು ನೋಡುತ್ತಿದ್ದ. ಅತ್ತೆ ನನ್ನ ಬೆನ್ನ ಹಿಂದೆ ನಿಂತು ಬಸವಣ್ಣನ ಹೆಸರು ಹೇಳುತ್ತಿದ್ದರು.

ಆರನೆಯದು ಬಿದ್ದಾಗ ಕೂಸು ಅಲುಗಲಿಲ್ಲ. ನಾನು ಕಾದೆ. ಕೈಯಿಂದ ಮೆಲ್ಲಗೆ ಒತ್ತಿದೆ. ಏನೂ ಇಲ್ಲ.

"ಯವ್ವಾ?" ಎಂದರು ಮಾವ. ಕುಡಗೋಲು ಕೈಯಲ್ಲೇ ಇತ್ತು.

ಇಲ್ಲ ಎಂದರೆ ಆ ಮನುಷ್ಯ ಅಲ್ಲೇ ಕುಸಿಯುತ್ತಾರೆ ಎಂದು ನನಗೆ ಗೊತ್ತಿತ್ತು. "ಹೂನ್ರಿ ಮಾವಾರ, ಹೊಳ್ಳಾಡಾಕತ್ತೈತಿ," ಎಂದೆ. ಏಳಕ್ಕೂ ಅದನ್ನೇ ಹೇಳಿದೆ. ಎಂಟಕ್ಕೂ. ಹತ್ತನೆಯದು ನಾನು ನೆಟ್ಟ ಹಳೆಯ ಬುಡ, ಮಣಿಕಟ್ಟಿನಷ್ಟು ದಪ್ಪ. ಅದು ಮುಗಿಯುವ ಹೊತ್ತಿಗೆ ಅರ್ಧ ಗಂಟೆಯಿಂದ ನನ್ನೊಳಗೆ ಏನೂ ಅಲುಗಿರಲಿಲ್ಲ. ಖಾದರಸಾಬ ಎದ್ದು ಚಪ್ಪರದ ಮೇಲಿನ ರಾಶಿಯನ್ನು ಎಳೆಯತೊಡಗಿದ. ನಾನು ಒಳಗೆ ಹೋಗಿ ತಣ್ಣೀರು ಕುಡಿದು ಎಡಮಗ್ಗುಲಾಗಿ ಮಲಗಿದೆ. ಡಾಕ್ಟರ್ ಬಾಯಿ ಹೀಗೇ ಮಾಡಲು ಹೇಳಿದ್ದರು. ಗಡಿಯಾರದ ಮುಳ್ಳು ನೋಡಿದೆ. ಹತ್ತು ನಿಮಿಷ. ಇಪ್ಪತ್ತು. ನಂಬುವುದಿಲ್ಲ, ನಂಬುವುದಿಲ್ಲ ಎಂದು ಹೇಳಿಕೊಳ್ಳುತ್ತಲೇ ನಾನು ಅಳುತ್ತಿದ್ದೆ.

ಅತ್ತೆ ಬಂದು ನೋಡಿದರು. ನಾನು ಹೇಳಬೇಕಾಗಿ ಬರಲಿಲ್ಲ.

ಎರಡು ಓಣಿ ಆಚೆಗಿನ ದವಾಖಾನೆಗೆ ಆಟೋದಲ್ಲಿ ಹೋದೆವು. ಮಾವ ಕರೆಯದಿದ್ದರೂ ಬಂದು ಡ್ರೈವರನ ಪಕ್ಕ ಕುಳಿತರು. ಅವರ ಕೈಯೆಲ್ಲ ಬಳ್ಳಿಯ ರಸ ಹತ್ತಿ ಕಪ್ಪಾಗಿತ್ತು. ಪ್ರಶಾಂತನಿಗೆ ಫೋನ್ ಮಾಡಿದೆ. ಅವನು ಬಸ್‌ಸ್ಟ್ಯಾಂಡಿಗೆ ಓಡುತ್ತಿರುವುದು ಅವನ ಉಸಿರಿನಲ್ಲೇ ಕೇಳುತ್ತಿತ್ತು.

ಡಾಕ್ಟರ್ ಬಾಯಿ ಹೊಟ್ಟೆಗೆ ಜೆಲ್ ಹಚ್ಚಿ, ಎದೆಬಡಿತ ಕೇಳುವ ಸಣ್ಣ ಮಷೀನನ್ನು ಇಟ್ಟರು. ಗರಗರ ಎಂದಿತು. ಸ್ವಲ್ಪ ಕೆಳಗೆ ಸರಿಸಿದರು. ಬರೀ ಗರಗರ. ಅತ್ತೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆ ಚರ್ಮಕ್ಕೆ ನಾಟಿತು. ಡಾಕ್ಟರ್ ಬಾಯಿ ಎಡಗಡೆ ಸರಿಸಿದರು, ನಿಂತರು.

ಕುದುರೆ ಓಡುವ ಹಾಗೆ ಸದ್ದು ಬಂತು. ಇಡೀ ಕೋಣೆ ತುಂಬಿತು.

"ಛಲೋ ಐತಿ. ನಿದ್ದಿ ಮಾಡಾಕತ್ತಿತ್ತು, ಅಷ್ಟ," ಎಂದರು ಡಾಕ್ಟರ್ ಬಾಯಿ. "ಬಂದದ್ದು ಪಾಡಾತು. ಹಿಂಗಾದ್ರ ಕಾಯಬಾರದು, ಬಂದುಬಿಡಬೇಕು."

ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಮಾವಾರನ್ನ ಒಳಗ ಕರೀರಿ," ಎಂದೆ. ಅತ್ತೆ ನನ್ನ ಹೊಟ್ಟೆಯ ಮೇಲೆ ಸೆರಗು ಎಳೆದು ಬಾಗಿಲು ತೆರೆದರು.

ಮಾವ ಹೊಸ್ತಿಲ ಒಳಗೆ ಒಂದು ಹೆಜ್ಜೆ ಮಾತ್ರ ಇಟ್ಟರು. ಕಪ್ಪಾದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಗೋಡೆ ನೋಡುತ್ತ ಆ ಸದ್ದನ್ನು ಕೇಳಿದರು. ಅದು ಏನೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೂ ನಂಬದವರ ಹಾಗೆ ಕೇಳಿದರು.

"ಇದು ಕಡದ ಮ್ಯಾಲಿನ ಸಪ್ಪಳೇನವಾ?"

"ಹೌದ್ರಿ ಮಾವಾರ. ಹತ್ತೂ ಕಡದ ಮ್ಯಾಲಿನ ಸಪ್ಪಳ."

ಆಗ ಅತ್ತೆ ಅವರ ಬಳಿ ಹೋಗಿ, ಬೆನ್ನ ಹಿಂದಿನ ಕೈಗಳನ್ನು ಬಿಡಿಸಿ ತಮ್ಮ ಎರಡೂ ಕೈಗಳಲ್ಲಿ ಹಿಡಿದರು. ನಾನು ಈ ಮನೆಗೆ ಬಂದಾಗಿನಿಂದ ಅವರು ಮಾವನನ್ನು ನಮ್ಮೆದುರಿಗೆ ಮುಟ್ಟಿದ್ದನ್ನು ಕಂಡಿರಲಿಲ್ಲ.

"ಅದು ನಿಮ್ಮಿಂದ ಆಗಿದ್ದಲ್ಲರಿ," ಎಂದರು. "ಆವಾಗಿನ ಕೂಸಿಂದು."

ಮಾವ ಗೋಡೆಗೊರಗಿ ಹಾಗೇ ಕೆಳಗೆ ಕುಳಿತರು. ಕೂಸಿನ ಹಾಗೆ ಅತ್ತರು. ಅತ್ತೆ ಅವರ ಪಕ್ಕ ಕುಳಿತು, ಇಷ್ಟು ವರ್ಷ ನಾ ಹೇಳಬೇಕಿತ್ತು, ಹೇಳಬೇಕಿತ್ತು ಎಂದು ಅದನ್ನೇ ಹೇಳುತ್ತಿದ್ದರು. ಡಾಕ್ಟರ್ ಬಾಯಿ ಏನೂ ತಿಳಿಯದೆ ನನ್ನ ಮುಖ ನೋಡಿದರು, ಮಷೀನು ತೆಗೆಯಲು ಕೈ ಹಾಕಿದರು.

"ಇನ್ನ ಸ್ವಲ್ಪ ಹೊತ್ತು ಇರ್ಲಿ ಬಿಡ್ರಿ," ಎಂದೆ.